ಹಸಿರು ಚೇತರಿಕೆ: ಕೋವಿಡ್ ನಂತರದ ಆರ್ಥಿಕ ಪುನಶ್ಚೇತನ ಮತ್ತು ಪರಿಸರ

ಹಸಿರು ಚೇತರಿಕೆ ಎಂದರೆ ಸಾಂಕ್ರಾಮಿಕ ರೋಗ, ಹಣಕಾಸು ಬಿಕ್ಕಟ್ಟು ಮುಂತಾದ ಆಘಾತಗಳಿಂದ ಕುಸಿದ ಅರ್ಥವ್ಯವಸ್ಥೆಯನ್ನು ಮೇಲೆತ್ತಲು ಸರ್ಕಾರಗಳು ವಿನಿಯೋಗಿಸುವ ಹಣವನ್ನು ಹವಾಮಾನ ರಕ್ಷಣೆ, ಶುದ್ಧ ಇಂಧನ, ನೆಲ ಜಲ ಕಾಡುಗಳ ಪುನರುಜ್ಜೀವನ ಮುಂತಾದ ಕೆಲಸಗಳತ್ತ ಹರಿಸುವ ನೀತಿ. ಒಂದೇ ಖರ್ಚಿನಲ್ಲಿ ಇಂದಿನ ನಿರುದ್ಯೋಗವನ್ನೂ ನಾಳಿನ ಹವಾಮಾನ ಸಂಕಟವನ್ನೂ ಎದುರಿಸಬಹುದು ಎಂಬುದು ಇದರ ತಿರುಳು. 2020ರಲ್ಲಿ ಕೋವಿಡ್-19 ಜಗತ್ತನ್ನು ಆವರಿಸಿದಾಗ ಈ ವಿಚಾರಕ್ಕೆ ಹಿಂದೆಂದೂ ಇಲ್ಲದ ಬೆಂಬಲ ದೊರೆಯಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಆ ನಿರೀಕ್ಷೆ ಕೆಲವೆಡೆ ಫಲಿಸಿತು, ಹಲವೆಡೆ ಹುಸಿಯಾಯಿತು. ರೋಗ ಬರುವುದಕ್ಕೆ ಮೊದಲೇ ಕಾನೂನು, ಯೋಜನೆ, ಕೆಲಸ ಬಲ್ಲ ಸಂಸ್ಥೆಗಳು ಸಿದ್ಧವಿದ್ದ ಕಡೆ ಹಣ ಹಸಿರಿನತ್ತ ಹರಿಯಿತು. ಇಲ್ಲದ ಕಡೆ ಹಳೆಯ ದಾರಿಯನ್ನೇ ಹಿಡಿಯಿತು. ವಿವಿಧ ದೇಶಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದಾಗ ಎದ್ದು ಕಾಣುವುದು ಈ ವ್ಯತ್ಯಾಸವೇ.

ಪೂರ್ವನಿದರ್ಶನಗಳು

ಸಂಕಟದ ಕಾಲದಲ್ಲಿ ಪ್ರಕೃತಿ ಸಂರಕ್ಷಣೆಯನ್ನೇ ಉದ್ಯೋಗವಾಗಿಸುವ ಪ್ರಯತ್ನ ಹೊಸದಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದ ವೇಳೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್, 1933ರಿಂದ 1942ರವರೆಗೆ ಸುಮಾರು 30 ಲಕ್ಷ ಯುವಕರಿಗೆ ಕೆಲಸ ಕೊಟ್ಟು ಕೋಟ್ಯಂತರ ಸಸಿಗಳನ್ನು ನೆಡಿಸಿತು. ಮಣ್ಣು ಸವಕಳಿ ತಡೆಯುವ ಕಾಮಗಾರಿಗಳನ್ನೂ ಮಾಡಿಸಿತು. ಭಾರತದಲ್ಲಿ 1972ರ ಭೀಕರ ಬರದ ಸಂದರ್ಭದಲ್ಲಿ ಮಹಾರಾಷ್ಟ್ರ ಬೆಳೆಸಿದ ಉದ್ಯೋಗ ಖಾತರಿ ಯೋಜನೆ ಇದೇ ಬಗೆಯದು. ಬರ ಕಾಮಗಾರಿಯಾಗಿ ಶುರುವಾದ ಬದು, ಕೆರೆ, ಒಡ್ಡುಗಳ ಕೆಲಸ 1977ರಲ್ಲಿ ಕಾನೂನಿನ ಹಕ್ಕಾಯಿತು. 2005ರಲ್ಲಿ ದೇಶಕ್ಕೆಲ್ಲ ಬಂದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗೆ ಮಾದರಿಯಾದದ್ದೂ ಅದೇ.

2008ರ ಹಣಕಾಸು ಬಿಕ್ಕಟ್ಟಿನಲ್ಲಿ ಈ ವಿಚಾರ ಜಾಗತಿಕ ಮಟ್ಟಕ್ಕೆ ಏರಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಜಾಗತಿಕ ಹಸಿರು ನವ ಒಪ್ಪಂದವೊಂದನ್ನು ಮುಂದಿಟ್ಟು, ಜಾಗತಿಕ ಉತ್ಪನ್ನದ ಶೇ 1ರಷ್ಟನ್ನು ಹಸಿರು ವಲಯಗಳಿಗೆ ಮೀಸಲಿಡುವಂತೆ ಕೇಳಿತು. ದಕ್ಷಿಣ ಕೊರಿಯಾ ತನ್ನ ಪ್ಯಾಕೇಜಿನ ಸುಮಾರು ಶೇ 80ರಷ್ಟನ್ನು ಹಸಿರು ಎಂದು ಘೋಷಿಸಿತು. ಆದರೆ ಅದರಲ್ಲಿ ನಾಲ್ಕು ನದಿಗಳಿಗೆ 16 ಒಡ್ಡುಗಳನ್ನು ಕಟ್ಟುವ 22 ಲಕ್ಷ ಕೋಟಿ ವೊನ್ ವೆಚ್ಚದ ಯೋಜನೆಯೂ ಸೇರಿತ್ತು. ನದಿಗಳ ಹರಿವು ಕೆಡಿಸಿತೆಂದು ಅಲ್ಲಿನ ಪರಿಸರವಾದಿಗಳು ಅದನ್ನು ವರ್ಷಗಟ್ಟಲೆ ವಿರೋಧಿಸಿದರು. ಅಮೆರಿಕ 2009ರ ಆರ್ಥಿಕ ಉತ್ತೇಜನ ಕಾಯಿದೆಯಲ್ಲಿ ಸುಮಾರು 9,000 ಕೋಟಿ ಡಾಲರನ್ನು ಶುದ್ಧ ಇಂಧನಕ್ಕೆ ತೆಗೆದಿಟ್ಟಿತು. ಆ ಹಣ ಉದ್ಯೋಗ ಸೃಷ್ಟಿಸಿದ್ದು ನಿಧಾನವಾಗಿ. ಹಸಿರು ಕಸುಬುಗಳ ಕೌಶಲ ಮೊದಲೇ ಇದ್ದ ಊರುಗಳಿಗೆ ಹೆಚ್ಚು ಲಾಭವಾಯಿತು ಎಂದು ಮುಂದೆ ನಡೆದ ಅಧ್ಯಯನಗಳು ತೋರಿಸಿದವು. ಜಗತ್ತಿನ ಒಟ್ಟು ಇಂಗಾಲದ ಲೆಕ್ಕ ಮಾತ್ರ ನಿರಾಶಾದಾಯಕವಾಗಿತ್ತು. 2009ರಲ್ಲಿ ಶೇ 1.4ರಷ್ಟು ಇಳಿದ ಹೊರಸೂಸುವಿಕೆ 2010ರಲ್ಲಿ ಶೇ 5.9ರಷ್ಟು ಏರಿತು. ಇದು ಮತ್ತೊಮ್ಮೆ ಆಗಬಾರದು ಎಂಬ ಕಳಕಳಿ 2020ರ ಚರ್ಚೆಗಳ ಹಿಂದಿತ್ತು.

2020ರ ಆಘಾತ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. ಕೆಲವೇ ವಾರಗಳಲ್ಲಿ ಕಾರ್ಖಾನೆ, ವಿಮಾನ, ರೈಲು, ಕಟ್ಟಡ ಕೆಲಸ ಎಲ್ಲ ನಿಂತವು. ಏಪ್ರಿಲ್ ಮೊದಲ ವಾರದಲ್ಲಿ ಜಗತ್ತಿನ ದೈನಂದಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2019ರ ಸರಾಸರಿಗಿಂತ ಶೇ 17ರಷ್ಟು ಕಡಿಮೆಯಾಗಿತ್ತು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು. ಉತ್ತರ ಭಾರತದ ಬಯಲಿನಲ್ಲಿ ಹೊಗೆ ತಿಳಿಯಾಗಿ, ಪಂಜಾಬಿನ ಜಲಂಧರದ ಜನರಿಗೆ ದೂರದ ಧೌಲಾಧಾರ್ ಶ್ರೇಣಿಯ ಹಿಮಶಿಖರಗಳು ಮನೆಯ ಮಾಳಿಗೆಯಿಂದಲೇ ಕಂಡವು.

ಈ ತಿಳಿಗಾಳಿಯ ಬೆಲೆ ದೊಡ್ಡದಿತ್ತು. ಅದನ್ನು ತೆತ್ತವರು ಬಡವರು. 2020ರಲ್ಲಿ ಜಗತ್ತಿನಾದ್ಯಂತ ನಷ್ಟವಾದ ದುಡಿಮೆಯ ಅವಧಿ 25.5 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಲೆಕ್ಕ ಹಾಕಿತು. ಭಾರತದ ಒಟ್ಟು ದೇಶೀಯ ಉತ್ಪನ್ನ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ, ಮೊದಲ ಅಂದಾಜಿನ ಪ್ರಕಾರ, ಶೇ 23.9ರಷ್ಟು ಕುಸಿಯಿತು. ನಗರಗಳಿಂದ ಊರುಗಳಿಗೆ ಮರಳಿದ ವಲಸೆ ಕಾರ್ಮಿಕರ ಸಂಖ್ಯೆ ಸರ್ಕಾರದ ಲೆಕ್ಕದಲ್ಲೇ ಒಂದು ಕೋಟಿಯನ್ನು ಮೀರಿತು.

ಹವಾಮಾನಕ್ಕೆ ಇದರಿಂದಾದ ಲಾಭವೂ ಅಲ್ಪ. ಇಡೀ ವರ್ಷಕ್ಕೆ ಇಂಧನ ಸಂಬಂಧಿ ಹೊರಸೂಸುವಿಕೆ ಶೇ 5.8ರಷ್ಟು, ಅಂದರೆ ಸುಮಾರು 200 ಕೋಟಿ ಟನ್ ಇಳಿಯಿತು. ಜಾಗತಿಕ ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು 2020ರಿಂದ 2030ರವರೆಗೆ ಪ್ರತಿ ವರ್ಷ ಶೇ 7.6ರಷ್ಟು ಇಳಿಕೆ ಬೇಕೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2019ರಲ್ಲೇ ತಿಳಿಸಿತ್ತು. ಜಗತ್ತಿಗೇ ಬೀಗ ಹಾಕಿದರೂ ಅಷ್ಟು ಇಳಿಕೆ ಸಾಧ್ಯವಾಗಲಿಲ್ಲ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಸಾಂದ್ರತೆ ಏರುತ್ತಲೇ ಹೋಗಿ 2020ರ ಸರಾಸರಿ 413.2 ಪಿಪಿಎಂ ಮುಟ್ಟಿತು. ಜನರ ಓಡಾಟ ನಿಂತರೂ ವಿದ್ಯುತ್ ಕೇಂದ್ರಗಳು, ಉಕ್ಕು ಸಿಮೆಂಟ್ ಕಾರ್ಖಾನೆಗಳು, ಕಟ್ಟಡಗಳು ನಡೆಯುವ ಬಗೆ ಬದಲಾಗಿರಲಿಲ್ಲ. ಮನುಷ್ಯರ ಬದುಕನ್ನು ಮೊಟಕುಗೊಳಿಸಿ ಹವಾಮಾನವನ್ನು ಉಳಿಸಲಾಗದು, ಉತ್ಪಾದನೆಯ ವ್ಯವಸ್ಥೆಯೇ ಬದಲಾಗಬೇಕು ಎಂಬ ವಾದಕ್ಕೆ ಇಷ್ಟು ಸ್ಪಷ್ಟ ಪುರಾವೆ ಹಿಂದೆ ಸಿಕ್ಕಿರಲಿಲ್ಲ.

ಆರ್ಥಿಕ ತರ್ಕ

ಸರ್ಕಾರಿ ನೆರವಿನಲ್ಲಿ ಎರಡು ಹಂತಗಳಿವೆ. ಪಡಿತರ, ನಗದು ವರ್ಗಾವಣೆ, ಸಂಬಳ ಭರವಸೆ, ಸಣ್ಣ ಉದ್ಯಮಗಳಿಗೆ ಸಾಲ ಇವೆಲ್ಲ ಪಾರುಮಾಡುವ ಹಂತದವು. ರೋಗದ ತೀವ್ರತೆ ತಗ್ಗಿದ ಮೇಲೆ ಬೇಡಿಕೆಯನ್ನು ಎತ್ತಲು ಮಾಡುವ ಹೂಡಿಕೆ ಚೇತರಿಕೆಯ ಹಂತದ್ದು. ಹಸಿವಿನಿಂದ ಇರುವವರಿಗೆ ಅಕ್ಕಿ ಕೊಡುವಾಗ ಅದು ಹಸಿರೋ ಅಲ್ಲವೋ ಎಂದು ಕೇಳುವುದು ಅಸಂಗತ. ಹಸಿರು ಚೇತರಿಕೆಯ ಪ್ರತಿಪಾದಕರ ದೃಷ್ಟಿ ಮುಖ್ಯವಾಗಿ ಎರಡನೆಯ ಹಂತದ ಮೇಲಿತ್ತು.

2020ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಕ್ಯಾಮರನ್ ಹೆಪ್‌ಬರ್ನ್, ನೊಬೆಲ್ ಪುರಸ್ಕೃತ ಜೋಸೆಫ್ ಸ್ಟಿಗ್ಲಿಟ್ಸ್, ನಿಕೋಲಸ್ ಸ್ಟರ್ನ್ ಮೊದಲಾದವರು ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ತಳಹದಿ ಹಾಕಿತು. ಹಣಕಾಸು ಸಚಿವಾಲಯ, ಕೇಂದ್ರ ಬ್ಯಾಂಕುಗಳ ಅಧಿಕಾರಿಗಳೂ ಸೇರಿದಂತೆ 231 ಪರಿಣತರ ಅಭಿಪ್ರಾಯ ಸಂಗ್ರಹಿಸಿದ ಈ ಅಧ್ಯಯನ, ಆರ್ಥಿಕ ಲಾಭ ಮತ್ತು ಹವಾಮಾನ ಲಾಭ ಎರಡನ್ನೂ ಕೊಡುವ ಐದು ಬಗೆಯ ಖರ್ಚುಗಳನ್ನು ಗುರುತಿಸಿತು: ಶುದ್ಧ ಇಂಧನದ ಮೂಲಸೌಕರ್ಯ, ಹಳೆಯ ಕಟ್ಟಡಗಳ ಇಂಧನ ದಕ್ಷತೆ, ಶಿಕ್ಷಣ ಮತ್ತು ತರಬೇತಿ, ನೈಸರ್ಗಿಕ ಸಂಪತ್ತಿನ ಪುನರುಜ್ಜೀವನ, ಶುದ್ಧ ತಂತ್ರಜ್ಞಾನ ಸಂಶೋಧನೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಸಂಶೋಧನೆಗಿಂತ ಗ್ರಾಮೀಣ ನೆರವಿನ ಖರ್ಚು ಹೆಚ್ಚು ಪ್ರಯೋಜನಕರವೆಂದಿತು. ಷರತ್ತಿಲ್ಲದೆ ವಿಮಾನಯಾನ ಕಂಪನಿಗಳನ್ನು ಪಾರುಮಾಡುವುದಕ್ಕೆ ಪರಿಣತರು ಕೊಟ್ಟ ಅಂಕ ತೀರ ಕಡಿಮೆ.

ತರ್ಕ ಸರಳವಾಗಿದೆ. ಮನೆಗಳಿಗೆ ಶಾಖ ನಿರೋಧಕ ಹೊದಿಕೆ ಹಾಕುವುದು, ಸೌರ ಫಲಕ ಕೂರಿಸುವುದು, ಕೆರೆಯ ಹೂಳೆತ್ತುವುದು, ಗಿಡ ನೆಡುವುದು ಇವಕ್ಕೆಲ್ಲ ಕೈಗಳು ಬೇಕು. ಆ ಕೆಲಸವನ್ನು ಬೇರೆ ದೇಶಕ್ಕೆ ಸಾಗಿಸಲಾಗುವುದಿಲ್ಲ. ಕಟ್ಟಡಗಳ ಇಂಧನ ದಕ್ಷತೆಗೆ ಹಾಕುವ ಪ್ರತಿ ಹತ್ತು ಲಕ್ಷ ಡಾಲರಿಗೆ 9ರಿಂದ 30 ಉದ್ಯೋಗಗಳು ಹುಟ್ಟುತ್ತವೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರ ಜೂನ್ ವರದಿಯಲ್ಲಿ ಅಂದಾಜು ಮಾಡಿತು. ಮೂರು ವರ್ಷ ಕಾಲ ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರ್ ಹೂಡಿದರೆ ಜಾಗತಿಕ ಬೆಳವಣಿಗೆ ವರ್ಷಕ್ಕೆ ಸರಾಸರಿ ಶೇ 1.1ರಷ್ಟು ಹೆಚ್ಚುತ್ತದೆ, ವರ್ಷಕ್ಕೆ ಸುಮಾರು 90 ಲಕ್ಷ ಉದ್ಯೋಗಗಳು ಉಳಿಯುತ್ತವೆ ಅಥವಾ ಹುಟ್ಟುತ್ತವೆ, 2023ರ ಹೊರಸೂಸುವಿಕೆ 450 ಕೋಟಿ ಟನ್ ತಗ್ಗುತ್ತದೆ ಎಂಬುದು ಅದೇ ವರದಿಯ ಲೆಕ್ಕ. ಬಡ್ಡಿ ದರಗಳು ಸೊನ್ನೆಯ ಸಮೀಪವಿದ್ದ ಕಾಲವದು. ಶ್ರೀಮಂತ ಸರ್ಕಾರಗಳಿಗೆ ಸಾಲ ಅಗ್ಗವಾಗಿತ್ತು. ಇಂಥ ಅನುಕೂಲ ಮತ್ತೆ ಬರುವುದಿಲ್ಲವೆಂಬ ಅವಸರ ಆಗಿನ ಬರಹಗಳಲ್ಲೆಲ್ಲ ಕಾಣುತ್ತದೆ.

ಯುರೋಪ್

ಹಸಿರು ಚೇತರಿಕೆಯನ್ನು ಕಾನೂನಿನ ಚೌಕಟ್ಟಿಗೆ ತಂದ ಶ್ರೇಯಸ್ಸು ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಬೇಕು. 2050ರ ವೇಳೆಗೆ ಹವಾಮಾನ ತಟಸ್ಥವಾಗುವ ಗುರಿಯ ಯುರೋಪಿಯನ್ ಹಸಿರು ಒಪ್ಪಂದವನ್ನು ಅದು 2019ರ ಡಿಸೆಂಬರಿನಲ್ಲಿ, ಅಂದರೆ ರೋಗ ಯುರೋಪನ್ನು ಮುಟ್ಟುವ ಮೊದಲೇ ಪ್ರಕಟಿಸಿತ್ತು. 2020ರ ಜುಲೈ 21ರಂದು ನಾಲ್ಕು ದಿನಗಳ ತೀವ್ರ ಚೌಕಾಸಿಯ ಬಳಿಕ 27 ದೇಶಗಳ ನಾಯಕರು 75,000 ಕೋಟಿ ಯುರೋ ಚೇತರಿಕೆ ನಿಧಿಗೆ ಒಪ್ಪಿದಾಗ, ಹಣ ಎತ್ತ ಹೋಗಬೇಕೆಂಬ ನಕ್ಷೆ ಸಿದ್ಧವಿತ್ತು. ನಿಧಿಯ ಮುಖ್ಯ ಭಾಗವನ್ನು ಪಡೆಯಲು ಪ್ರತಿ ದೇಶವೂ ತನ್ನ ಯೋಜನೆಯ ಕನಿಷ್ಠ ಶೇ 37ರಷ್ಟನ್ನು ಹವಾಮಾನ ಕೆಲಸಗಳಿಗೆ ಮೀಸಲಿಡಬೇಕಿತ್ತು; ಉಳಿದ ಖರ್ಚೂ ಪರಿಸರಕ್ಕೆ ಗಣನೀಯ ಹಾನಿ ಮಾಡಕೂಡದು. ನಿಗದಿತ ಮೈಲಿಗಲ್ಲು ಮುಟ್ಟಿದರಷ್ಟೇ ಮುಂದಿನ ಕಂತು. ಹಣಕ್ಕಾಗಿ ಒಕ್ಕೂಟವೇ ಸಾಲಪತ್ರ ಹೊರಡಿಸಿತು. 2021ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಬಂದ 1,200 ಕೋಟಿ ಯುರೋ ಹಸಿರು ಬಾಂಡಿಗೆ 13,500 ಕೋಟಿ ಯುರೋ ಮೀರಿದ ಬೇಡಿಕೆ ಬಂತು.

ಸದಸ್ಯ ರಾಷ್ಟ್ರಗಳ ಅನುಭವ ಒಂದೇ ತೆರನಾಗಿರಲಿಲ್ಲ. ಫ್ರಾನ್ಸ್ ತನ್ನ ವಿಮಾನಯಾನ ಕಂಪನಿ ಏರ್ ಫ್ರಾನ್ಸ್‌ಗೆ 700 ಕೋಟಿ ಯುರೋ ನೆರವು ಕೊಡುವಾಗ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರುಗಳ ನಡುವಿನ ಹಾರಾಟ ನಿಲ್ಲಿಸಬೇಕೆಂಬ ಷರತ್ತು ಹಾಕಿತು. ಮುಂದೆ ಅದು ಕಾನೂನಾಗಿ 2023ರ ಮೇ ತಿಂಗಳಲ್ಲಿ ಜಾರಿಗೆ ಬಂದಾಗ ನಿಂತದ್ದು ಮೂರೇ ಮಾರ್ಗಗಳು. ಪರಿಣಾಮ ಸಣ್ಣದಾದರೂ, ಸಾರ್ವಜನಿಕರ ಹಣ ಪಡೆಯುವ ಕಂಪನಿ ಸಾರ್ವಜನಿಕ ಹಿತಕ್ಕೆ ಉತ್ತರದಾಯಿ ಎಂಬ ತತ್ವವನ್ನು ಕಾರ್ಯರೂಪಕ್ಕೆ ಇಳಿಸಿದ ಬೆರಳೆಣಿಕೆಯ ನಿದರ್ಶನಗಳಲ್ಲಿ ಇದೊಂದು.

ಜರ್ಮನಿಯ ಕತೆ ಹೆಚ್ಚು ಪಾಠ ಕಲಿಸುತ್ತದೆ. 2020ರ ಜೂನ್ ತಿಂಗಳ 13,000 ಕೋಟಿ ಯುರೋ ಪ್ಯಾಕೇಜಿನಲ್ಲಿ ಪೆಟ್ರೋಲ್, ಡೀಸೆಲ್ ಕಾರು ಕೊಳ್ಳುವವರಿಗೂ ಸಹಾಯಧನ ಬೇಕೆಂದು ಪ್ರಬಲ ವಾಹನ ಉದ್ಯಮ ಒತ್ತಾಯಿಸಿತು. ಸರ್ಕಾರ ಮಣಿಯದೆ ವಿದ್ಯುತ್ ಕಾರುಗಳಿಗೆ ತನ್ನ ಪಾಲಿನ ಸಹಾಯಧನವನ್ನು ಮಾತ್ರ 6,000 ಯುರೋಗೆ ಇಮ್ಮಡಿಗೊಳಿಸಿತು. ಹೊಸ ಕಾರುಗಳ ನೋಂದಣಿಯಲ್ಲಿ ಬ್ಯಾಟರಿ ಹಾಗೂ ಪ್ಲಗ್-ಇನ್ ಹೈಬ್ರಿಡ್ ವಾಹನಗಳ ಪಾಲು 2019ರ ಶೇ 3ರಿಂದ 2020ರಲ್ಲಿ ಶೇ 13.5ಕ್ಕೆ ಜಿಗಿಯಿತು. ಆಮೇಲೆ ಹೊಸ ಸಮ್ಮಿಶ್ರ ಸರ್ಕಾರ ಸಾಂಕ್ರಾಮಿಕಕ್ಕೆಂದು ಮಂಜೂರಾಗಿ ಖರ್ಚಾಗದೆ ಉಳಿದ 6,000 ಕೋಟಿ ಯುರೋ ಸಾಲದ ಅವಕಾಶವನ್ನು ಹವಾಮಾನ ನಿಧಿಗೆ ವರ್ಗಾಯಿಸಿತು. ಇದು ಸಂವಿಧಾನಬಾಹಿರವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2023ರ ನವೆಂಬರ್ 15ರಂದು ತೀರ್ಪಿತ್ತಿತು. ಒಂದು ತಿಂಗಳ ಬಳಿಕ ವಿದ್ಯುತ್ ಕಾರುಗಳ ಸಹಾಯಧನ ದಿಢೀರನೆ ನಿಂತು, 2024ರಲ್ಲಿ ಅವುಗಳ ಮಾರಾಟ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ತುರ್ತು ಕಾಲದ ಹಣದ ಮೇಲೆ ದೀರ್ಘಕಾಲದ ಬದಲಾವಣೆಯನ್ನು ಕಟ್ಟುವ ಅಪಾಯ ಇದರಲ್ಲಿ ಕಾಣುತ್ತದೆ.

ಇಟಲಿಯದು ಇನ್ನೊಂದು ಬಗೆಯ ಎಚ್ಚರಿಕೆ. ಮನೆಗಳ ಇಂಧನ ದಕ್ಷತೆಗೆ ಮಾಡಿದ ಖರ್ಚಿನ ಶೇ 110ರಷ್ಟನ್ನು ತೆರಿಗೆ ವಿನಾಯಿತಿಯಾಗಿ ಹಿಂದಿರುಗಿಸುವ ಯೋಜನೆಯನ್ನು ಅದು 2020ರಲ್ಲಿ ತಂದಿತು. ಮನೆಯೊಡೆಯನಿಗೆ ಬಿಡಿಗಾಸೂ ಖರ್ಚಿಲ್ಲದ್ದರಿಂದ ಬೆಲೆ ಕೇಳುವವರೇ ಇಲ್ಲವಾಗಿ, ಗುತ್ತಿಗೆದಾರರ ಬಿಲ್ಲುಗಳು ಉಬ್ಬಿದವು, ಸುಳ್ಳು ಕಾಮಗಾರಿಗಳ ವಂಚನೆ ಬೆಳೆಯಿತು. ವೆಚ್ಚ 10,000 ಕೋಟಿ ಯುರೋ ದಾಟಿತು. ಸುಧಾರಣೆಯಾದದ್ದು ದೇಶದ ಮನೆಗಳ ಸಣ್ಣ ಪಾಲು. ಒಕ್ಕೂಟದ ಮಟ್ಟದಲ್ಲೂ ಲೆಕ್ಕಪರಿಶೋಧಕರು ತಕರಾರು ಎತ್ತಿದರು. ಹವಾಮಾನಕ್ಕೆಂದು ತೋರಿಸಿದ ಮೊತ್ತದಲ್ಲಿ ಕನಿಷ್ಠ 3,450 ಕೋಟಿ ಯುರೋ ಉತ್ಪ್ರೇಕ್ಷೆ ಇರಬಹುದೆಂದು ಯುರೋಪಿಯನ್ ಲೆಕ್ಕಪರಿಶೋಧನಾ ನ್ಯಾಯಾಲಯ 2024ರಲ್ಲಿ ಹೇಳಿತು.

ಪೂರ್ವ ಏಷ್ಯಾ ಮತ್ತು ಅಮೆರಿಕ

ದಕ್ಷಿಣ ಕೊರಿಯಾ 2020ರ ಜುಲೈಯಲ್ಲಿ ಹಸಿರು ನವ ಒಪ್ಪಂದವನ್ನು ಘೋಷಿಸಿ, 2025ರೊಳಗೆ 73.4 ಲಕ್ಷ ಕೋಟಿ ವೊನ್ ಹೂಡಿಕೆ ಮತ್ತು 6.59 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿತು. ಅದೇ ವರ್ಷ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳನ್ನು ಕಟ್ಟುವ ದೂಸಾನ್ ಕಂಪನಿಯನ್ನು ಸರ್ಕಾರಿ ಬ್ಯಾಂಕುಗಳು ಭಾರಿ ಸಾಲ ಕೊಟ್ಟು ಉಳಿಸಿದವು.

ಚೀನಾದ ನಡೆ ಇನ್ನೂ ದೊಡ್ಡ ಪ್ರಮಾಣದ ವೈರುಧ್ಯ. 2060ಕ್ಕೆ ಮೊದಲು ಇಂಗಾಲ ತಟಸ್ಥವಾಗುವುದಾಗಿ ಅಧ್ಯಕ್ಷ ಷಿ ಜಿನ್‌ಪಿಂಗ್ 2020ರ ಸೆಪ್ಟೆಂಬರ್ 22ರಂದು ವಿಶ್ವಸಂಸ್ಥೆಯಲ್ಲಿ ಸಾರಿದರು. ಆ ವರ್ಷ ಚೀನಾ ಚಾಲನೆಗೊಳಿಸಿದ ಕಲ್ಲಿದ್ದಲು ವಿದ್ಯುತ್ ಸಾಮರ್ಥ್ಯ 38.4 ಗಿಗಾವಾಟ್, ಅಂದರೆ ಉಳಿದ ಜಗತ್ತೆಲ್ಲ ಸೇರಿಸಿದ್ದರ ಮೂರು ಪಟ್ಟಿಗೂ ಹೆಚ್ಚು. ಆದರೂ ಸೌರ ಫಲಕಗಳ ತಯಾರಿಕೆಯ ಎಲ್ಲ ಹಂತಗಳಲ್ಲೂ ಶೇ 80ಕ್ಕಿಂತ ಹೆಚ್ಚಿನ ಪಾಲು ಚೀನಾದ ಕೈಯಲ್ಲಿದೆ. ದಶಕದಿಂದ ಬೆಳೆಸಿದ ಆ ಕಾರ್ಖಾನೆಗಳಿಂದಾಗಿಯೇ ಇತರ ದೇಶಗಳ ಹಸಿರು ಯೋಜನೆಗಳು ಅಗ್ಗವಾದವು.

ಅಮೆರಿಕದ 2020ರ 2.2 ಲಕ್ಷ ಕೋಟಿ ಡಾಲರ್ ಪರಿಹಾರ ಕಾಯಿದೆಯಲ್ಲಿ ಪರಿಸರದ ಗೊಡವೆಯೇ ಇರಲಿಲ್ಲ. ಬೈಡನ್ ಆಡಳಿತದ 2021ರ ಮೂಲಸೌಕರ್ಯ ಕಾಯಿದೆ ಮತ್ತು 2022ರ ಆಗಸ್ಟಿನ ಹಣದುಬ್ಬರ ಇಳಿಕೆ ಕಾಯಿದೆ ಆ ಕೊರತೆ ತುಂಬಲು ಬಂದವು. ಎರಡನೆಯದರಲ್ಲಿ ಇಂಧನ ಮತ್ತು ಹವಾಮಾನಕ್ಕೆ 36,900 ಕೋಟಿ ಡಾಲರಿನ ಅಂದಾಜು ಇತ್ತು. 2025ರ ಜುಲೈಯಲ್ಲಿ ಟ್ರಂಪ್ ಆಡಳಿತ ತಂದ ಕಾಯಿದೆ ಅದರ ತೆರಿಗೆ ರಿಯಾಯಿತಿಗಳಲ್ಲಿ ಬಹುಭಾಗವನ್ನು ಮೊಟಕುಗೊಳಿಸಿತು.

ಭಾರತ ಮತ್ತು ಕರ್ನಾಟಕ

ಭಾರತ ಸರ್ಕಾರ 2020ರ ಮೇ 12ರಂದು 20 ಲಕ್ಷ ಕೋಟಿ ರೂಪಾಯಿಗಳ ಆತ್ಮನಿರ್ಭರ ಪ್ಯಾಕೇಜ್ ಘೋಷಿಸಿತು. ಅದರಲ್ಲಿ ಹಸಿರು ಚೇತರಿಕೆ ಎಂಬ ಪ್ರತ್ಯೇಕ ಅಧ್ಯಾಯ ಇರಲಿಲ್ಲ. ಆದರೂ ಆ ಹೆಸರಿಗೆ ನಿಜವಾಗಿ ಅರ್ಹವಾದ ಕೆಲಸ ಹಳ್ಳಿಗಳಲ್ಲಿ, ಹದಿನೈದು ವರ್ಷ ಹಳೆಯ ಕಾನೂನೊಂದರ ಅಡಿಯಲ್ಲಿ ನಡೆಯಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ, ಅಂದರೆ ನರೇಗಾಕ್ಕೆ, ಬಜೆಟ್ಟಿನ 61,500 ಕೋಟಿಯ ಜೊತೆಗೆ 40,000 ಕೋಟಿ ರೂಪಾಯಿ ಹೆಚ್ಚುವರಿ ಘೋಷಿಸಲಾಯಿತು; ಆಮೇಲೆ ಇನ್ನಷ್ಟು ಹಣ ಸೇರಿ ಆ ವರ್ಷದ ಪರಿಷ್ಕೃತ ಅಂದಾಜು 1,11,500 ಕೋಟಿ ಮುಟ್ಟಿತು. 2019-20ರಲ್ಲಿ 265 ಕೋಟಿ ಇದ್ದ ಮಾನವ ದಿನಗಳು 2020-21ರಲ್ಲಿ 389 ಕೋಟಿಗೆ ಏರಿದವು. ಕೆಲಸ ಪಡೆದವರು 11 ಕೋಟಿಗೂ ಹೆಚ್ಚು ಮಂದಿ. ಕರ್ನಾಟಕದಲ್ಲಿ ದಿನಗೂಲಿ 249ರಿಂದ 275 ರೂಪಾಯಿಗೆ ಹೆಚ್ಚಿತು. ಬೆಂಗಳೂರಿನ ಕಟ್ಟಡ ಕೆಲಸ ಬಿಟ್ಟು ಕಲಬುರಗಿ, ರಾಯಚೂರು, ಯಾದಗಿರಿಯ ಊರುಗಳಿಗೆ ಮರಳಿದ ಅನೇಕರಿಗೆ ಆ ಬೇಸಿಗೆಯಲ್ಲಿ ಸಿಕ್ಕ ಕೂಲಿ ಇದೊಂದೇ.

ಅವರು ಮಾಡಿದ ಕೆಲಸ ಎಂಥದು ಎಂಬುದು ಇಲ್ಲಿ ಮುಖ್ಯ. ಹೊಲದ ಬದು, ಕೃಷಿಹೊಂಡ, ಇಂಗುಗುಂಡಿ, ಕೆರೆಯ ಹೂಳು, ಕಾಲುವೆ, ಚೆಕ್ ಡ್ಯಾಂ, ಅರಣ್ಯೀಕರಣ ಇವು ಯೋಜನೆಯ ಬಹುಪಾಲು ಕಾಮಗಾರಿಗಳು. ಜಿಲ್ಲಾ ಮಟ್ಟದಲ್ಲಿ ಕನಿಷ್ಠ ಶೇ 60ರಷ್ಟು ವೆಚ್ಚ ಕೃಷಿ ಮತ್ತು ಅದಕ್ಕೆ ಸಂಬಂಧಿಸಿದ ಆಸ್ತಿಗಳಿಗೆ ಹೋಗಬೇಕೆಂಬ ನಿಯಮವಿತ್ತು. ಆಕ್ಸ್‌ಫರ್ಡ್ ಅಧ್ಯಯನ ಬಡ ದೇಶಗಳಿಗೆ ಸೂಚಿಸಿದ ಗ್ರಾಮೀಣ ನೆರವು, ನೈಸರ್ಗಿಕ ಸಂಪತ್ತಿನ ಪುನರುಜ್ಜೀವನ ಎರಡೂ ಇಲ್ಲಿ ಒಂದೇ ಜಾಬ್ ಕಾರ್ಡಿನಲ್ಲಿ ಸೇರಿಕೊಂಡವು. ಕಾನೂನು, ಗ್ರಾಮ ಪಂಚಾಯಿತಿ, ಬ್ಯಾಂಕ್ ಖಾತೆ ಎಲ್ಲ ಮೊದಲೇ ಇದ್ದುದರಿಂದಲೇ ಇದು ವಾರಗಳಲ್ಲಿ ಸಾಧ್ಯವಾಯಿತು. ಮರುವರ್ಷಗಳಲ್ಲಿ ಅನುದಾನ ಇಳಿದು ಕೂಲಿ ಬಾಕಿ ಬೆಳೆದದ್ದು, ಕೆಲಸ ಕೇಳಿದವರಿಗೆಲ್ಲ ನೂರು ದಿನ ಸಿಗದಿದ್ದುದು ಇದರ ದೊಡ್ಡ ಕೊರತೆ. ಪಾಕಿಸ್ತಾನವೂ ಇದೇ ಜಾಡಿನಲ್ಲಿ, ಲಾಕ್‌ಡೌನಿನಿಂದ ಕೆಲಸ ಕಳೆದುಕೊಂಡ 60 ಸಾವಿರಕ್ಕೂ ಹೆಚ್ಚು ದಿನಗೂಲಿಗಳನ್ನು ತನ್ನ ಸಾವಿರ ಕೋಟಿ ಗಿಡಗಳ ಅಭಿಯಾನಕ್ಕೆ ಸೇರಿಸಿಕೊಂಡಿತು.

ಇದಕ್ಕೆ ವಿರುದ್ಧ ದಿಕ್ಕಿನ ನಿರ್ಧಾರಗಳೂ ಅದೇ ತಿಂಗಳುಗಳಲ್ಲಿ ಬಂದವು. 2020ರ ಜೂನ್ 18ರಂದು ವಾಣಿಜ್ಯ ಗಣಿಗಾರಿಕೆಗಾಗಿ 41 ಕಲ್ಲಿದ್ದಲು ನಿಕ್ಷೇಪಗಳ ಹರಾಜು ಪ್ರಕ್ರಿಯೆ ಶುರುವಾಯಿತು. ಕಲ್ಲಿದ್ದಲು ಸಾಗಣೆಯ ಸೌಕರ್ಯಕ್ಕೆ 50,000 ಕೋಟಿ ರೂಪಾಯಿ ಘೋಷಣೆಯಾಯಿತು. ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಅಧಿಸೂಚನೆ 2020ರ ಏಪ್ರಿಲ್ 11ರ ರಾಜ್ಯಪತ್ರದಲ್ಲಿ ಪ್ರಕಟವಾದಾಗ ಇಡೀ ದೇಶ ಲಾಕ್‌ಡೌನಿನಲ್ಲಿತ್ತು. ಅನುಮತಿಯಿಲ್ಲದೆ ಆರಂಭಿಸಿದ ಯೋಜನೆಗಳಿಗೆ ಆಮೇಲೆ ಅನುಮತಿ ಕೊಡುವುದು, ಸಾರ್ವಜನಿಕರ ಅಭಿಪ್ರಾಯಕ್ಕಿದ್ದ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸುವುದು ಅದರ ವಿವಾದಿತ ಅಂಶಗಳು. ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇತ್ತು. ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಿಗೆಲ್ಲ ಅದನ್ನು ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಬೆಂಗಳೂರಿನ ಯುನೈಟೆಡ್ ಕನ್ಸರ್ವೇಶನ್ ಮೂವ್‌ಮೆಂಟ್ ಟ್ರಸ್ಟಿನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಆಗಸ್ಟ್ 5ರಂದು, ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕ ತಡೆ ನೀಡಿತು. ತಮ್ಮ ಊರಿನ ಬೆಟ್ಟ, ಹೊಳೆಗಳ ಭವಿಷ್ಯವನ್ನು ನಿರ್ಧರಿಸುವ ಕಡತವನ್ನು ತಮ್ಮ ಭಾಷೆಯಲ್ಲಿ ಓದುವ ಹಕ್ಕು ಜನರಿಗಿದೆ ಎಂಬ ಮಾತು ನ್ಯಾಯಾಲಯದಲ್ಲಿ ಗಂಭೀರವಾಗಿ ಚರ್ಚೆಯಾಯಿತು. ಲಕ್ಷಾಂತರ ಆಕ್ಷೇಪಣೆಗಳು ಬಂದ ಆ ಕರಡು ಅಂತಿಮ ರೂಪ ಪಡೆಯಲಿಲ್ಲ.

ಕೈಗಾರಿಕಾ ನೀತಿಯಲ್ಲಿ ತಿರುವು ತುಸು ತಡವಾಗಿ ಬಂತು. ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯಡಿ ಸೌರ ಫಲಕ ತಯಾರಿಕೆಗೆ 2021ರಲ್ಲಿ 4,500 ಕೋಟಿ, ಮುಂದಿನ ವರ್ಷ ಮತ್ತೆ 19,500 ಕೋಟಿ, ಬ್ಯಾಟರಿಗಳಿಗೆ 18,100 ಕೋಟಿ ರೂಪಾಯಿ ನಿಗದಿಯಾಯಿತು. 2023ರ ಜನವರಿಯಲ್ಲಿ ಹಸಿರು ಜಲಜನಕ ಮಿಷನ್ ಬಂತು. 2020ರ ಮಾರ್ಚಿನಲ್ಲಿ ಸುಮಾರು 35 ಗಿಗಾವಾಟ್ ಇದ್ದ ಸೌರ ಸಾಮರ್ಥ್ಯ ಐದು ವರ್ಷಗಳಲ್ಲಿ 105 ಗಿಗಾವಾಟ್ ದಾಟಿತು. 2025ರ ಮಧ್ಯಭಾಗದಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಯಿತು. ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನದೇ ಸಿಂಹಪಾಲು.

ಕರ್ನಾಟಕದ ಅನುಭವ ಈ ಬದಲಾವಣೆಯ ಎರಡು ಮುಖಗಳನ್ನೂ ತೋರಿಸುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರ ಕೊನೆಗೆ ಪೂರ್ಣಗೊಂಡ 2,050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಪದೇ ಪದೇ ಬರ ಕಂಡ ಆ ಭಾಗದ ಹಿಡುವಳಿದಾರರಿಗೆ, ಲಾಕ್‌ಡೌನಿನಲ್ಲೂ ನಿಲ್ಲದ ವರಮಾನ ಅದು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲಿನ ಕೆಲಸಗಳು ಬೆರಳೆಣಿಕೆಯವು. ಹಸಿರು ಹೂಡಿಕೆ ತಾನಾಗಿಯೇ ನ್ಯಾಯವಾಗಿರುವುದಿಲ್ಲ ಎಂಬುದಕ್ಕೆ ಪಾವಗಡವನ್ನು ಸಂಶೋಧಕರು ಮತ್ತೆ ಮತ್ತೆ ಉದಾಹರಿಸುತ್ತಾರೆ. ಇನ್ನೊಂದು ಬದಿಯಲ್ಲಿ, ಬೆಂಗಳೂರಿನ ಸೆಲ್ಕೋ ಫೌಂಡೇಶನ್ ಕೇಂದ್ರ ಆರೋಗ್ಯ ಸಚಿವಾಲಯದ ಸಹಯೋಗದಲ್ಲಿ 25,000 ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಒದಗಿಸುವ ಕಾರ್ಯಕ್ರಮಕ್ಕೆ 2022ರಲ್ಲಿ ಕೈಹಾಕಿತು. ಲಸಿಕೆ ಇಡುವ ಫ್ರಿಜ್, ಹೆರಿಗೆ ಕೋಣೆಯ ದೀಪ, ಆಮ್ಲಜನಕ ಯಂತ್ರ ಇವುಗಳಿಗೆ ಕರೆಂಟ್ ಹೋಗಬಾರದೆಂಬ ಕೋವಿಡ್ ಕಾಲದ ಅರಿವಿನಿಂದ ಬಲಗೊಂಡ ಇಂಥ ಕೆಲಸ ಮೊತ್ತದಲ್ಲಿ ಚಿಕ್ಕದಾದರೂ ಬಡವರ ಬದುಕಿಗೆ ನೇರವಾಗಿ ತಲುಪುತ್ತದೆ.

ಕಾಡು ಮತ್ತು ರೋಗ

ಮುಂದಿನ ಸಾಂಕ್ರಾಮಿಕವನ್ನು ತಡೆಯುವುದೂ ಹಸಿರು ಚೇತರಿಕೆಯ ಭಾಗವಾಗಬೇಕೆಂದು ಜೀವವಿಜ್ಞಾನಿಗಳು ವಾದಿಸಿದರು. ಕಾಡು ಕಡಿದು ನಡುವೆ ಹೊಲ, ರಸ್ತೆ, ಗಣಿ ಬಂದಂತೆ ವನ್ಯಜೀವಿಗಳ ಸೂಕ್ಷ್ಮಾಣುಗಳು ಮನುಷ್ಯನಿಗೆ ದಾಟುವ ಅವಕಾಶ ಹೆಚ್ಚುತ್ತದೆ. ಮಲೆನಾಡಿನವರಿಗೆ ಇದು ಪುಸ್ತಕದ ಮಾತಲ್ಲ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ, ಕಾಡಂಚಿನ ಉಣುಗುಗಳ ಮೂಲಕ ಇಂದಿಗೂ ಜೀವ ತೆಗೆಯುತ್ತಿದೆ. ಅರಣ್ಯನಾಶ ತಡೆ, ವನ್ಯಜೀವಿ ವ್ಯಾಪಾರದ ನಿಯಂತ್ರಣ, ರೋಗ ನಿಗಾ ಇವುಗಳಿಗೆ ವರ್ಷಕ್ಕೆ 2,200ರಿಂದ 3,100 ಕೋಟಿ ಡಾಲರ್ ಸಾಕು ಎಂದು 2020ರ ಜುಲೈಯಲ್ಲಿ ಸೈನ್ಸ್ ಪತ್ರಿಕೆಯ ಲೇಖನವೊಂದು ಅಂದಾಜಿಸಿತು. ಕೋವಿಡ್ ತಂದ ನಷ್ಟದ ಮುಂದೆ ಇದು ಏನೇನೂ ಅಲ್ಲ. ನ್ಯೂಜಿಲೆಂಡ್ ನಿಸರ್ಗ ಸಂರಕ್ಷಣೆಯ ಉದ್ಯೋಗಗಳಿಗೆಂದೇ 100 ಕೋಟಿಗೂ ಹೆಚ್ಚು ನ್ಯೂಜಿಲೆಂಡ್ ಡಾಲರ್ ತೆಗೆದಿಟ್ಟಿತು. ಹೆಚ್ಚಿನ ದೇಶಗಳ ಪ್ಯಾಕೇಜುಗಳಲ್ಲಿ ಕಾಡಿಗೆ ಸಿಕ್ಕ ಜಾಗ ನಗಣ್ಯ.

ನಗರಗಳು

ದೈಹಿಕ ಅಂತರ ಕಾಯುವ ಅಗತ್ಯದಿಂದ ಹಲವು ನಗರಗಳು ರಸ್ತೆಗಳನ್ನು ಸೈಕಲ್ಲಿಗೂ ಪಾದಚಾರಿಗಳಿಗೂ ಬಿಟ್ಟುಕೊಟ್ಟವು. ಬೊಗೊಟಾ, ಮಿಲಾನ್, ಪ್ಯಾರಿಸ್ ಇದರಲ್ಲಿ ಮುಂದಿದ್ದವು. ಪ್ಯಾರಿಸ್ ತನ್ನ ತಾತ್ಕಾಲಿಕ ಸೈಕಲ್ ಪಥಗಳನ್ನು ಕಾಯಂ ಮಾಡಿತು. ಬೆಂಗಳೂರಿನಲ್ಲೂ 2020ರಲ್ಲಿ ಹೊರ ವರ್ತುಲ ರಸ್ತೆಯ ಒಂದು ಬದಿಗೆ ಕಂಬ ನೆಟ್ಟು ಸೈಕಲ್ ಪಥ ಗುರುತಿಸಲಾಯಿತು, ಚರ್ಚ್ ಸ್ಟ್ರೀಟ್ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನಮುಕ್ತವಾಯಿತು. ವಾಹನ ದಟ್ಟಣೆ ಮರಳಿದಂತೆ ಸೈಕಲ್ ಪಥ ಹಾಳುಬಿದ್ದಿತು. ಉಳಿದುಕೊಂಡದ್ದು ವಿದ್ಯುತ್ ಬಸ್ಸಿನ ಯೋಜನೆ: 2022ರಲ್ಲಿ ಐದು ನಗರಗಳಿಗೆ ಒಟ್ಟಾಗಿ 5,450 ಬಸ್ಸುಗಳ ಟೆಂಡರ್ ಕರೆದದ್ದರಿಂದ ದರ ಇಳಿದು, ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಗೆ 921 ಬಸ್ಸುಗಳು ಗೊತ್ತಾದವು.

ಸಾಲದ ಹೊರೆ ಮತ್ತು ಅಸಮಾನತೆ

ಚೇತರಿಕೆಯ ಹಣದ ಹಂಚಿಕೆಯಲ್ಲಿನ ಅಸಮಾನತೆ ಈ ಇಡೀ ಕಾಲಘಟ್ಟದ ಅತ್ಯಂತ ನೋವಿನ ಸಂಗತಿ. 2021ರ ಜುಲೈ ವೇಳೆಗೆ ಜಗತ್ತಿನಲ್ಲಿ ಶುದ್ಧ ಇಂಧನಕ್ಕೆ ನಿಗದಿಯಾಗಿದ್ದ ಸುಮಾರು 38,000 ಕೋಟಿ ಡಾಲರಿನಲ್ಲಿ ಶೇ 90ರಷ್ಟು ಮುಂದುವರಿದ ದೇಶಗಳದ್ದು. ಬಡ ದೇಶಗಳು ಲಸಿಕೆಗೂ ಹಳೆಯ ಸಾಲದ ಬಡ್ಡಿಗೂ ಹಣ ಹೊಂದಿಸಲು ಪರದಾಡಿದವು. ಜಿ-20 ದೇಶಗಳು ಸಾಲ ಮರುಪಾವತಿಯನ್ನು ಮುಂದೂಡುವ ವ್ಯವಸ್ಥೆ ಮಾಡಿದಾಗ ಅರ್ಹವಾದ 73 ದೇಶಗಳಲ್ಲಿ 48 ಸೇರಿ, 1,290 ಕೋಟಿ ಡಾಲರ್ ಪಾವತಿಯಷ್ಟೇ ಮುಂದೆ ಹೋಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ 2021ರ ಆಗಸ್ಟಿನಲ್ಲಿ ಸೃಷ್ಟಿಸಿದ 65,000 ಕೋಟಿ ಡಾಲರ್ ಮೌಲ್ಯದ ಮೀಸಲು ಹಕ್ಕುಗಳಲ್ಲಿ ಇಡೀ ಆಫ್ರಿಕಾಕ್ಕೆ ಸಿಕ್ಕದ್ದು ಸುಮಾರು 3,300 ಕೋಟಿ. ಬಾರ್ಬಡೋಸಿನ ಪ್ರಧಾನಿ ಮಿಯಾ ಮೋಟ್ಲಿ 2022ರಲ್ಲಿ ಮುಂದಿಟ್ಟ ಬ್ರಿಡ್ಜ್‌ಟೌನ್ ಪ್ರಸ್ತಾವ ಈ ಹಣಕಾಸು ವ್ಯವಸ್ಥೆಯನ್ನೇ ತಿದ್ದಬೇಕೆಂದು ಕೇಳಿತು. ಪ್ರವಾಸೋದ್ಯಮ ನೆಲಕಚ್ಚಿದ ಬೆಲೀಜ್ 2021ರಲ್ಲಿ ತನ್ನ 55.3 ಕೋಟಿ ಡಾಲರಿನ ಬಾಂಡುಗಳನ್ನು ರಿಯಾಯಿತಿಯಲ್ಲಿ ಮರಳಿ ಕೊಂಡು, ಪ್ರತಿಯಾಗಿ ತನ್ನ ಸಾಗರ ಪ್ರದೇಶದ ಶೇ 30ರಷ್ಟನ್ನು ರಕ್ಷಿಸುವ ಒಪ್ಪಂದ ಮಾಡಿಕೊಂಡದ್ದು ಸಣ್ಣ ದೇಶವೊಂದು ಕಂಡುಕೊಂಡ ದಾರಿ.

ಫಲಿತಾಂಶ

ಘೋಷಣೆಗಳನ್ನು ಲೆಕ್ಕಕ್ಕೆ ಒಡ್ಡಿದ ಅಧ್ಯಯನಗಳ ತೀರ್ಮಾನಗಳು ಮಾಪನದ ಬಗೆಗೆ ತಕ್ಕಂತೆ ಬೇರೆಯಾದರೂ ಒಂದೇ ದಿಕ್ಕಿನಲ್ಲಿವೆ. 50 ದೊಡ್ಡ ಅರ್ಥವ್ಯವಸ್ಥೆಗಳು 2020ರಲ್ಲಿ ಘೋಷಿಸಿದ 14.6 ಲಕ್ಷ ಕೋಟಿ ಡಾಲರಿನಲ್ಲಿ ಹಸಿರಿನ ಪಾಲು ಶೇ 2.5 ಮಾತ್ರ, ಚೇತರಿಕೆಯ ಹಂತದ 1.9 ಲಕ್ಷ ಕೋಟಿಯನ್ನಷ್ಟೇ ತೆಗೆದುಕೊಂಡರೆ ಶೇ 18 ಎಂದು ಆಕ್ಸ್‌ಫರ್ಡ್ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2021ರ ಮಾರ್ಚ್ ವರದಿ ಹೇಳಿತು. ಜಿ-20 ದೇಶಗಳ 14 ಲಕ್ಷ ಕೋಟಿ ಡಾಲರ್ ಖರ್ಚಿನಲ್ಲಿ ಹೊರಸೂಸುವಿಕೆ ತಗ್ಗಿಸುವ ಬಾಬತ್ತುಗಳಿಗೆ ಹೋದದ್ದು ಶೇ 6 ಎಂಬುದು 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ. 2021ರಲ್ಲಿ ಇಂಧನ ಸಂಬಂಧಿ ಹೊರಸೂಸುವಿಕೆ ಶೇ 6ರಷ್ಟು ಏರಿ 3,630 ಕೋಟಿ ಟನ್ ಮುಟ್ಟಿತು. ಹಿಂದಿನ ವರ್ಷದ ಇಳಿಕೆ ಒಂದೇ ಏಟಿಗೆ ಅಳಿಸಿಹೋಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಅನಿಲದ ಬೆಲೆ ಗಗನಕ್ಕೇರಿ, ಆ ಒಂದೇ ವರ್ಷ ಪಳೆಯುಳಿಕೆ ಇಂಧನ ಬಳಕೆಯ ಸಬ್ಸಿಡಿ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಅದೇ ಯುದ್ಧ ಯುರೋಪನ್ನು ನವೀಕರಿಸಬಹುದಾದ ಇಂಧನದತ್ತ ಇನ್ನಷ್ಟು ವೇಗವಾಗಿ ತಳ್ಳಿ, ಚೇತರಿಕೆ ನಿಧಿಗೆ ರೀಪವರ್‌ಇಯು ಎಂಬ ಹೊಸ ಭಾಗ ಸೇರಿತು.

ತಂತ್ರಜ್ಞಾನದ ಹರಡುವಿಕೆಯಲ್ಲಿ ಮಾತ್ರ ಚಿತ್ರ ನಿಜವಾಗಿಯೂ ಬದಲಾಯಿತು. ಜಗತ್ತು 2020ರಲ್ಲಿ ಸೇರಿಸಿದ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ 260 ಗಿಗಾವಾಟಿಗೂ ಹೆಚ್ಚು. ಲಾಕ್‌ಡೌನಿನ ನಡುವೆಯೂ ಅದು ಅಲ್ಲಿಯವರೆಗಿನ ದಾಖಲೆ. 2024ರಲ್ಲಿ ಅದು 585 ಗಿಗಾವಾಟ್ ಆಯಿತು. ವಿದ್ಯುತ್ ಕಾರುಗಳ ವಾರ್ಷಿಕ ಮಾರಾಟ 2020ರ 30 ಲಕ್ಷದಿಂದ 2024ರಲ್ಲಿ 1.7 ಕೋಟಿಗೆ ಮುಟ್ಟಿತು. ಶುದ್ಧ ಇಂಧನದ ಹೂಡಿಕೆ ಪಳೆಯುಳಿಕೆ ಇಂಧನದ ಹೂಡಿಕೆಯ ಸುಮಾರು ಎರಡರಷ್ಟಾಯಿತು. ಇದರಲ್ಲಿ ಚೇತರಿಕೆ ಪ್ಯಾಕೇಜುಗಳ ಪಾಲೆಷ್ಟು, ಇಳಿಯುತ್ತಲೇ ಬಂದ ಬೆಲೆಗಳ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಎರಡೂ ಒಂದನ್ನೊಂದು ಬೆಳೆಸಿದವು. 2024ರಲ್ಲಿ ಇಂಧನ ಸಂಬಂಧಿ ಹೊರಸೂಸುವಿಕೆ 3,780 ಕೋಟಿ ಟನ್ನಿನ ಹೊಸ ಎತ್ತರ ತಲುಪಿತು, ಮತ್ತು ಆ ವರ್ಷ ಕೈಗಾರಿಕಾ ಪೂರ್ವ ಕಾಲಕ್ಕಿಂತ 1.5 ಡಿಗ್ರಿ ಹೆಚ್ಚು ಬಿಸಿಯಾದ ಮೊದಲ ವರ್ಷವೆಂದು ದಾಖಲಾಯಿತು. ಯುರೋಪಿನ ಚೇತರಿಕೆ ನಿಧಿಯ ಅವಧಿ 2026ಕ್ಕೆ ಮುಗಿಯುತ್ತದೆ. ಅದಕ್ಕಾಗಿ ಎತ್ತಿದ ಸಾಲದ ತೀರುವಳಿ 2058ರವರೆಗೆ ನಡೆಯಲಿದೆ.